ಬಂದ ದಿನ ಇದೆ, ಹೋದ ದಿನ ಇಲ್ಲ: ಒಂದು ವಸತಿ ಕೇಂದ್ರದ ಚರಿತ್ರೆ ಬರೆಯಲು ಹೋದ ಕಥೆ

ಮೊನ್ನೆ ಕೊನೆಯ ಕರಡು ತಿದ್ದಿ ಅಚ್ಚಿಗೆ ಕಳಿಸಿದೆ. ಒಪ್ಪಿಕೊಳ್ಳುವಾಗ ಆರು ತಿಂಗಳ ಕೆಲಸ ಅಂದುಕೊಂಡಿದ್ದೆ; ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ದೈಹಿಕ ಅಂಗವೈಕಲ್ಯವಿರುವ ಮಕ್ಕಳ ಒಂದು ವಸತಿ ಕೇಂದ್ರದ ಚರಿತ್ರೆ ಬರೆಯುವ ಕೆಲಸ. ನಾನು ಇತಿಹಾಸ ಓದಿದವಳಲ್ಲ, ಲೆಕ್ಕಪತ್ರ ನೋಡಿಕೊಂಡು ನಿವೃತ್ತಳಾದವಳು. ಕೇಂದ್ರದ ಕಾರ್ಯದರ್ಶಿಗಳು ನನ್ನನ್ನೇ ಹಿಡಿದದ್ದಕ್ಕೆ ಎರಡು ಕಾರಣ. ಹಳೆಯ ಕೈಬರಹ ಓದಬಲ್ಲೆ ಅನ್ನುವುದು ಒಂದು. ನನ್ನ ಅಣ್ಣ ಚಿಕ್ಕಂದಿನಲ್ಲಿ ಅಲ್ಲೇ ಇದ್ದ ಅನ್ನುವುದು ಇನ್ನೊಂದು. ಎರಡನೆಯದು ಅನುಕೂಲವಾಗುತ್ತದೆ ಅಂದುಕೊಂಡಿದ್ದೆ. ಎಲ್ಲಕ್ಕಿಂತ ದೊಡ್ಡ ತೊಡಕಾದದ್ದು ಅದೇ.

ಇಂಥ ಕೇಂದ್ರಗಳು ಈಗ ಒಂದೊಂದಾಗಿ ಐವತ್ತು, ಎಪ್ಪತ್ತೈದು ವರ್ಷ ತುಂಬಿಸುತ್ತಿವೆ. ಆಗ ಯಾರಾದರೊಬ್ಬರ ತಲೆಗೆ ಈ ಕೆಲಸ ಕಟ್ಟುತ್ತಾರೆ. ಮುಂದೆ ಯಾರ ಪಾಲಿಗೆ ಇದು ಬರುತ್ತದೋ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಐದು ತಿಂಗಳು ಒಂದು ಹಾಳೆಯನ್ನೂ ಮುಟ್ಟಲಾಗಲಿಲ್ಲ. ಹಳೆಯ ಕಡತಗಳ ಬೀರುವಿನ ಕೀಲಿ ಕೊಡಬೇಕಾದರೆ ಆಡಳಿತ ಮಂಡಳಿಯ ಠರಾವು ಬೇಕು ಅಂದರು. ಮಂಡಳಿ ಸೇರುವುದು ಎರಡು ತಿಂಗಳಿಗೊಮ್ಮೆ. ಮೊದಲ ಸಭೆಗೆ ಕೋರಂ ಇರಲಿಲ್ಲ. ಎರಡನೆಯದರಲ್ಲಿ ಪುಸ್ತಕದ ಮುಖಪುಟಕ್ಕೆ ಯಾವ ಬಣ್ಣ ಅನ್ನುವುದರ ಮೇಲೆಯೇ ಹೊತ್ತು ಹೋಯಿತು. ಮೂರನೆಯದರಲ್ಲಿ ಠರಾವು ಪಾಸಾಯಿತು. ನನ್ನ ತಪ್ಪು ಏನೆಂದರೆ, ಠರಾವಿನ ಒಕ್ಕಣೆ ಓದದೆ ಖುಷಿಯಿಂದ ಕೀಲಿ ಇಸಕೊಂಡೆ. ನೀವು ಹಾಗೆ ಮಾಡಬೇಡಿ. ಮೂರು ಮಾತು ಅದರಲ್ಲಿ ಬರಹದಲ್ಲಿರಲಿ: ಯಾವ ಯಾವ ಕಡತ ನೋಡಬಹುದು, ಹಸ್ತಪ್ರತಿಯಲ್ಲಿ ಕೊನೆಯ ಮಾತು ಯಾರದು, ಸಂದರ್ಶನ ಮಾಡಿದ ಧ್ವನಿಮುದ್ರಣ ಯಾರ ಬಳಿ ಉಳಿಯುತ್ತದೆ. ನನ್ನದರಲ್ಲಿ ಮೊದಲನೆಯದು ಮಾತ್ರ ಇತ್ತು. ಎರಡನೆಯದು ಇಲ್ಲದ್ದಕ್ಕೆ ಏನಾಯಿತು ಅನ್ನುವುದು ಮುಂದೆ ಬರುತ್ತದೆ.

ಬೀರು ಇದ್ದದ್ದು ಮೆಟ್ಟಿಲ ಕೆಳಗಿನ ಕತ್ತಲ ಕೋಣೆಯಲ್ಲಿ. ಕಾಲು ಮುರಿದ ವಾಕರ್‌ಗಳು, ತುಕ್ಕು ಹಿಡಿದ ಪ್ಯಾರಲಲ್ ಬಾರ್, ಎಲ್ಲ ಸರಿಸಿ ಒಳಗೆ ಹೋಗಬೇಕು. ಕೆಳಗಿನ ಅರೆಯನ್ನು ಗೆದ್ದಲು ತಿಂದು ಮುಗಿಸಿತ್ತು. ಮೇಲಿನ ಅರೆಗಳಲ್ಲಿ ದಾಖಲಾತಿ ರಿಜಿಸ್ಟರು, ನಡಾವಳಿ ಪುಸ್ತಕ, ದಾನಿಗಳ ರಸೀದಿ ಕಟ್ಟು, ಒಂದು ಬಿಸ್ಕತ್ತಿನ ಡಬ್ಬಿ ತುಂಬ ಫೋಟೊ. ಆ ದಿನ ಮಾಡಿದ ಎರಡು ಅವಿವೇಕ ಹೇಳಿಬಿಡುತ್ತೇನೆ. ಧೂಳು ಒರೆಸಲು ಒದ್ದೆ ಬಟ್ಟೆ ತಗೊಂಡೆ. ಒಂದು ಪುಟದ ಮಸಿ ಬಟ್ಟೆಗೇ ಬಂತು. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚಿದೆ. ಈಗ ಆ ಜಾಗ ಹಳದಿ ತಿರುಗುತ್ತಿದೆ, ಕೀಳಲೂ ಆಗದು. ಒಣ ಮೆತ್ತನೆ ಬ್ರಷ್ ಸಾಕು. ತುಕ್ಕು ಹಿಡಿದ ಗುಂಡುಸೂಜಿ, ಕ್ಲಿಪ್ಪು ನಿಧಾನವಾಗಿ ತೆಗೆಯಿರಿ, ಅವು ಕಾಗದವನ್ನು ತಿನ್ನುತ್ತವೆ. ಫೋಟೊಗೆ ಲ್ಯಾಮಿನೇಶನ್ ಬೇಡವೇ ಬೇಡ. ಹಿಂಬದಿಯಲ್ಲಿ ಏನಾದರೂ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್, ಅಂಚಿನಲ್ಲಿ. ಪ್ರತಿ ಪುಟವನ್ನು ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲಿನಲ್ಲೇ ತೆಗೆದೆ. ಸ್ಕ್ಯಾನರ್ ತರಿಸುವ ದುಡ್ಡು ಉಳಿಯಿತು. ಆದರೆ ತೆಗೆದ ದಿನವೇ ಹೆಸರಿಟ್ಟು ಕಡತ ಮಾಡದೆ ಹೋದರೆ, ಸಾವಿರಾರು ಚಿತ್ರದಲ್ಲಿ ಯಾವುದು ಯಾವ ರಿಜಿಸ್ಟರಿನದ್ದು ಅಂತ ಹುಡುಕುವುದರಲ್ಲೇ ಒಂದು ತಿಂಗಳು ಹಾಳು. ಹಾಳಾಗಿದೆ.

ದಾಖಲಾತಿ ರಿಜಿಸ್ಟರಿನಲ್ಲಿ ಏಳು ಕಾಲಂ. ಕ್ರಮಸಂಖ್ಯೆ, ಹೆಸರು, ವಯಸ್ಸು, ತಂದೆ, ನ್ಯೂನತೆ, ಸೇರಿದ ದಿನಾಂಕ, ಬಿಡುಗಡೆ. ಡಿಸ್ಚಾರ್ಜ್ ಅನ್ನುವುದಕ್ಕೆ ಯಾರೋ ಗುಮಾಸ್ತರು ಹಾಕಿಕೊಂಡ ಕನ್ನಡ ಅದು, ‘ಬಿಡುಗಡೆ’. ಆ ಕಾಲಂ ಪುಟಗಟ್ಟಲೆ ಖಾಲಿ. ಮಗು ಬಂದ ದಿನ ಇದೆ, ಹೋದ ದಿನ ಇಲ್ಲ. ಮೊದಲು ಸೋಮಾರಿತನ ಅಂದುಕೊಂಡೆ. ಆಮೇಲೆ ಲೆಕ್ಕದವಳ ಬುದ್ಧಿಗೆ ಹೊಳೆಯಿತು: ದಾನಿಗಳಿಗೆ ತೋರಿಸಬೇಕಾದದ್ದು ಎಷ್ಟು ಮಕ್ಕಳನ್ನು ಸೇರಿಸಿಕೊಂಡೆವು ಅನ್ನುವ ಲೆಕ್ಕ. ಹೋದವರ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ. ಕೇಳದ ಲೆಕ್ಕವನ್ನು ಯಾವ ಗುಮಾಸ್ತನೂ ಬರೆಯುವುದಿಲ್ಲ.

ಆ ಖಾಲಿ ಕಾಲಂ ತುಂಬಿಸುವುದೇ ನನ್ನ ಪುಸ್ತಕ ಅಂತ ಆವತ್ತು ನಿರ್ಧರಿಸಿದೆ. ಮಂಡಳಿಗೆ ಹೇಳಲಿಲ್ಲ.

‘ನ್ಯೂನತೆ’ ಕಾಲಂ ಓದುವುದಕ್ಕೆ ಮಾತ್ರ ಹೊರಗಿನ ಓದು ಬೇಕಾಯಿತು. ಮೊದಲ ರಿಜಿಸ್ಟರುಗಳಲ್ಲಿ ಪೋಲಿಯೊ, ಪೋಲಿಯೊ, ಪೋಲಿಯೊ. ನಡುನಡುವೆ ಮೂಳೆ ಕ್ಷಯ, ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿದ್ದು. ಬರಬರುತ್ತ ಪೋಲಿಯೊ ತೆಳುವಾಗಿ ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವುದು) ಬರುತ್ತದೆ, ಸ್ಪೈನಾ ಬೈಫಿಡಾ (ಹುಟ್ಟುವಾಗಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿರದ ಸ್ಥಿತಿ) ಬರುತ್ತದೆ, ಸ್ನಾಯುಕ್ಷಯ ಬರುತ್ತದೆ. ಕಾರಣ ಕೇಂದ್ರದ ಒಳಗಿರಲಿಲ್ಲ. ಜೋನಾಸ್ ಸಾಲ್ಕ್ ಅವರ ಪೋಲಿಯೊ ಚುಚ್ಚುಮದ್ದಿನ ಪರೀಕ್ಷೆ ಗೆದ್ದಿತೆಂದು ಸಾರಿದ್ದು 1955ರ ಏಪ್ರಿಲ್ 12ರಂದು. ಮುಂದಿನ ದಶಕದಲ್ಲಿ ಆಲ್ಬರ್ಟ್ ಸೇಬಿನ್ ಅವರ ಬಾಯಿಗೆ ಹಾಕುವ ಹನಿ ಬಂತು. ಆದರೂ 1988ರಲ್ಲಿ ಪೋಲಿಯೊ ನಿರ್ಮೂಲನೆಗೆ ಜಗತ್ತು ಕೈ ಹಾಕಿದಾಗ 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಕ್ಕಳಿಗೆ ಅದರಿಂದ ಪಾರ್ಶ್ವವಾಯು ಬಡಿಯುತ್ತಿತ್ತೆಂದು ಅಂದಾಜು. ಅಂದರೆ ಲಸಿಕೆ ಬಂದ ವರ್ಷಕ್ಕೂ ಒಂದು ಕೇಂದ್ರದ ರಿಜಿಸ್ಟರಿನಿಂದ ಆ ಪದ ಮಾಯವಾದ ವರ್ಷಕ್ಕೂ ನಡುವೆ ಒಂದಿಡೀ ತಲೆಮಾರು ಇರಬಹುದು. ನಿಮ್ಮ ಕೇಂದ್ರದ ರಿಜಿಸ್ಟರಿನಲ್ಲಿ ಆ ತಿರುವು ಎಲ್ಲಿದೆ ನೋಡಿ. ಕಟ್ಟಡದ ಕಥೆಯೂ ಅಲ್ಲೇ ತಿರುಗುತ್ತದೆ. ನಮ್ಮದರಲ್ಲಿ ಬಾಗಿಲುಗಳನ್ನು ಇಟ್ಟದ್ದು ಊರುಗೋಲಿನಲ್ಲಿ ನಡೆಯುವ ಪೋಲಿಯೊ ಮಕ್ಕಳ ಅಳತೆಗೆ. ತಲೆಗೆ, ಬೆನ್ನಿಗೆ ಆಸರೆ ಇರುವ ಅಗಲದ ಗಾಲಿಕುರ್ಚಿಗಳು ಬಂದಾಗ ಒಂದೂ ಒಳಗೆ ಹೋಗಲಿಲ್ಲ. ಬಾಗಿಲು ಅಗಲ ಮಾಡುವ ವಿಷಯ ನಡಾವಳಿಯಲ್ಲಿ ಒಂಬತ್ತು ಸಲ ಬಂದು ಒಂಬತ್ತು ಸಲ ಮುಂದಕ್ಕೆ ಹೋಗಿದೆ.

ಇನ್ನೂ ಹಿಂದಕ್ಕೆ ಹೋದರೆ ಬೇರೆಯದೇ ರುಚಿ ಹತ್ತಿತು. ಆರ್ಥೊಪೆಡಿಕ್ಸ್ ಅನ್ನುವ ಪದದೊಳಗೇ ಮಗು ಕೂತಿದೆ ಅಂತ ನನಗೆ ಗೊತ್ತಿರಲಿಲ್ಲ. 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂಡ್ರಿ ಎರಡು ಗ್ರೀಕ್ ಪದ ಸೇರಿಸಿ ಅದನ್ನು ಕಟ್ಟಿದ: ಒಂದರ ಅರ್ಥ ನೆಟ್ಟಗೆ, ಇನ್ನೊಂದರದು ಮಗು. ಸೊಟ್ಟ ಗಿಡವನ್ನು ಗೂಟಕ್ಕೆ ಕಟ್ಟಿದ ಅವನ ಚಿತ್ರವೇ ಇವತ್ತಿಗೂ ಮೂಳೆ ವೈದ್ಯರ ಲಾಂಛನ. ಮಕ್ಕಳನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಮೊದಲ ಇಂಥ ಸಂಸ್ಥೆಯನ್ನು 1780ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಬ್‌ನಲ್ಲಿ ಜಾನ್ ಆಂದ್ರೆ ವೆನೆಲ್ ತೆರೆದ. ಇಂಗ್ಲೆಂಡಿನ ಬ್ಯಾಸ್‌ಚರ್ಚ್ ಅನ್ನುವ ಹಳ್ಳಿಯಲ್ಲಿ 1900ರಲ್ಲಿ ಶುರುವಾದ ಮನೆಯ ಹಿಂದೆ ಇದ್ದದ್ದು ಆಗ್ನೆಸ್ ಹಂಟ್ ಎಂಬ ದಾದಿ. ಆಕೆಗೇ ಬಾಲ್ಯದಿಂದ ಸೊಂಟದ ಕೀಲಿನ ರೋಗ. ಮಕ್ಕಳನ್ನು ಮಳೆ ಚಳಿ ಅನ್ನದೆ ತೆರೆದ ಕೊಟ್ಟಿಗೆಯಂಥ ಚಪ್ಪರದಲ್ಲಿ ಮಲಗಿಸುತ್ತಿದ್ದರು. ಕ್ಷಯಕ್ಕೆ ಔಷಧ ಇಲ್ಲದ ಕಾಲ, ಶುದ್ಧ ಗಾಳಿಯೇ ಔಷಧ ಅನ್ನುವ ನಂಬಿಕೆ. ರಾಬರ್ಟ್ ಜೋನ್ಸ್ ಎಂಬ ಶಸ್ತ್ರವೈದ್ಯರು ಆಕೆಯ ಜೊತೆ ಸೇರಿದರು. ಆ ಮನೆ ಬೆಳೆದು 1921ರಲ್ಲಿ ಆಸ್ವೆಸ್ಟ್ರಿಗೆ ಹೋಗಿ ಇಬ್ಬರ ಹೆಸರಿನ ಆಸ್ಪತ್ರೆಯಾಗಿ ಈಗಲೂ ಇದೆ. 1903ರಲ್ಲಿ ಗ್ರೇಸ್ ಕಿಮಿನ್ಸ್ ಎಂಬಾಕೆ ಇಂಗ್ಲೆಂಡಿನದೇ ಚೇಯ್ಲಿಯಲ್ಲಿ ಶುರು ಮಾಡಿದ್ದು ಲಂಡನ್ನಿನ ಏಳು ಹುಡುಗರೊಂದಿಗೆ, ಕೈಕಸುಬಿನ ಶಾಲೆಯಾಗಿ. ಮರಗೆಲಸ, ಚರ್ಮದ ಕೆಲಸ ಕಲಿತರೆ ಹುಡುಗ ಯಾರ ಹಂಗಿಗೂ ಬೀಳುವುದಿಲ್ಲ ಅನ್ನುವುದು ತತ್ವ.

ಇವನ್ನೆಲ್ಲ ಓದುವಾಗ ನನಗೆ ಒಂದು ಸಮಾಧಾನ, ಒಂದು ಕಸಿವಿಸಿ. ನಮ್ಮ ಕೇಂದ್ರದ ಹೊಲಿಗೆ ತರಗತಿ, ಬುಟ್ಟಿ ಹೆಣೆಯುವ ತರಗತಿ ಆಕಾಶದಿಂದ ಉದುರಿದ್ದಲ್ಲ ಅನ್ನುವುದು ಸಮಾಧಾನ. ಹುಡುಗರಿಗೆ ಗಣಿತ ಇಷ್ಟವೋ ಬುಟ್ಟಿ ಇಷ್ಟವೋ ಅಂತ ಅಲ್ಲೂ ಇಲ್ಲೂ ಕೇಳಿದವರಿಲ್ಲ ಅನ್ನುವುದು ಕಸಿವಿಸಿ.

ಪದಗಳ ವಿಷಯದಲ್ಲೂ ಒದ್ದಾಡಿದೆ. ನಮ್ಮ ಕೇಂದ್ರದ ಫಲಕ ಎರಡು ಸಲ ಬದಲಾಗಿದೆ: ಮೊದಲು ‘ಅಂಗಹೀನ’, ಆಮೇಲೆ ‘ಅಂಗವಿಕಲ’, ಈಗ ‘ವಿಶೇಷಚೇತನ’. ಹಳೆಯ ವರದಿಗಳಲ್ಲಿ ‘ಹೆಳವ ಮಕ್ಕಳು’ ಅಂತಲೇ ಇದೆ, ಯಾರೂ ಬೈಯುವ ದನಿಯಲ್ಲಿ ಬರೆದದ್ದಲ್ಲ. ಹೊರಗೂ ಇದೇ ಕಥೆ. ಕಿಮಿನ್ಸ್ ಅವರು 1894ರಲ್ಲಿ ಕಟ್ಟಿದ ಸಂಘದ ಹೆಸರನ್ನು ಕನ್ನಡದಲ್ಲಿ ಹೇಳಿದರೆ ‘ಧೈರ್ಯವಂತ ಬಡಪಾಯಿಗಳ ಸಂಘ’. 1952ರಲ್ಲಿ ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿ ಹುಟ್ಟಿದ ಬ್ರಿಟನ್ನಿನ ಸ್ಪಾಸ್ಟಿಕ್ಸ್ ಸೊಸೈಟಿ, ‘ಸ್ಪಾಸ್ಟಿಕ್’ ಪದ ಶಾಲೆಯಂಗಳದ ಬೈಗುಳವಾದ ಮೇಲೆ 1994ರಲ್ಲಿ ಸ್ಕೋಪ್ ಆಯಿತು. ನಾನು ಮಾಡಿಕೊಂಡ ನಿಯಮ: ಹಳೆಯ ಕಾಗದದ ಮಾತು ಉದ್ಧರಣ ಚಿಹ್ನೆಯೊಳಗೆ ಇದ್ದ ಹಾಗೇ ಇರಲಿ, ನನ್ನ ವಾಕ್ಯದಲ್ಲಿ ಬೇಡ. ತಿದ್ದಿ ಚಂದ ಮಾಡಿದರೆ ಆ ಕಾಲದ ಮಕ್ಕಳು ದಿನಾ ಏನು ಕೇಳಿಸಿಕೊಂಡರು ಅನ್ನುವುದೇ ಅಳಿಸಿಹೋಗುತ್ತದೆ.

ಸ್ಥಾಪನೆಯ ವರ್ಷದ ಜಗಳ ಬೇಗ ಹೇಳಿ ಮುಗಿಸುತ್ತೇನೆ. ಗೇಟಿನ ಕಲ್ಲಿನ ಮೇಲೆ ಒಂದು ವರ್ಷ, ಟ್ರಸ್ಟ್ ಪತ್ರದಲ್ಲಿ ಇನ್ನೊಂದು, ಮೊದಲ ಮಗು ಯಾರದೋ ಮನೆಯ ಜಗಲಿಗೆ ಬಂದ ವರ್ಷ ಮತ್ತೊಂದು. ಮೂರು ವರ್ಷದ ಅಂತರ. ಮಂಡಳಿಗೆ ಕಲ್ಲೇ ಪ್ರಮಾಣ, ಏಕೆಂದರೆ ಉತ್ಸವದ ತಾರೀಕು ನಿಗದಿಯಾಗಿತ್ತು. ನಾನು ಮೂರನ್ನೂ ಬರೆದು ಕೈ ತೊಳೆದುಕೊಂಡೆ.

ಹೊರಗಿನ ಕಚೇರಿಗಳ ಅಲೆದಾಟ ಹೆಚ್ಚು ಫಲ ಕೊಡಲಿಲ್ಲ. ಮಕ್ಕಳಿಗೆ ಶಸ್ತ್ರಚಿಕಿತ್ಸೆ ಆಗುತ್ತಿದ್ದ ಆಸ್ಪತ್ರೆಯೊಂದಕ್ಕೆ ನಾಲ್ಕು ಸಲ ಹೋದೆ. ಅರ್ಜಿ ಕೊಡಿ ಅಂದರು, ಕೊಟ್ಟೆ. ಕೇಂದ್ರದ ಲೆಟರ್‌ಹೆಡ್ಡಿನಲ್ಲಿ ಕೊಡಿ ಅಂದರು, ಕೊಟ್ಟೆ. ಎರಡು ತಿಂಗಳಾದ ಮೇಲೆ, ಅವಧಿ ಮುಗಿದ ದಾಖಲೆಗಳನ್ನು ನಾಶ ಮಾಡಿಬಿಟ್ಟಿದ್ದೇವೆ ಅನ್ನುವ ಒಂದು ಸಾಲಿನ ಉತ್ತರ. ಇದನ್ನು ಮೊದಲ ದಿನವೇ ಕೇಳಬೇಕಿತ್ತು. ನೀವು ಯಾವ ಕಚೇರಿಗೆ ಹೋದರೂ ಮೊದಲ ಪ್ರಶ್ನೆ ‘ದಾಖಲೆ ಕೊಡುತ್ತೀರಾ’ ಅಂತ ಬೇಡ. ‘ಎಷ್ಟು ವರ್ಷದ ದಾಖಲೆ ಇಟ್ಟುಕೊಳ್ಳುತ್ತೀರಿ’ ಅಂತ ಇರಲಿ.

ಕೇಂದ್ರದೊಳಗೇ ಇದ್ದ ಮಕ್ಕಳ ವೈದ್ಯಕೀಯ ಕಡತಗಳನ್ನು ನಾನೇ ಮುಚ್ಚಿಟ್ಟೆ. ಕೀಲಿ ನನ್ನ ಕೈಯಲ್ಲಿತ್ತು, ಠರಾವಿನಲ್ಲಿ ಒಪ್ಪಿಗೆಯೂ ಇತ್ತು. ಎರಡು ಕಡತ ಓದಿದೆ. ಒಂದರಲ್ಲಿ ತಾಯಿಯ ಬಗ್ಗೆ ಯಾರೋ ಬರೆದ ಷರಾ ಇತ್ತು, ಆ ಹುಡುಗಿ ಬೆಳೆದು ಎಲ್ಲಾದರೂ ಇದ್ದರೆ ಅವಳಿಗೆ ಗೊತ್ತಿರಲಿಕ್ಕಿಲ್ಲದಂಥದ್ದು. ಅವಳಿಗಿಂತ ಮೊದಲು ನಾನು ಓದಿಬಿಟ್ಟೆನಲ್ಲ ಅನ್ನಿಸಿ ಕಟ್ಟಿ ಒಳಗಿಟ್ಟೆ. ಅವರವರ ಕಡತ ಅವರವರು ಬಂದು ಕೇಳಿದರೆ ತೋರಿಸಬೇಕು ಅಂತ ಮಂಡಳಿಯಿಂದ ಬೇರೆ ಠರಾವು ಮಾಡಿಸಿದ್ದೇ ನನ್ನ ಪುಸ್ತಕಕ್ಕಿಂತ ಮೇಲಾದ ಕೆಲಸ ಅಂತ ಈಗ ಅನ್ನಿಸುತ್ತದೆ. ಕಡತ ತೋರಿಸುವಾಗ ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಮೊದಲು ಬಂದವರೊಬ್ಬರು ಅರ್ಧ ಗಂಟೆ ಮಾತಾಡಲೇ ಇಲ್ಲ.

ಒಂದು ವರ್ಷ ಮುಗಿಯುವ ಹೊತ್ತಿಗೆ ನನ್ನ ಹತ್ತಿರ ಕಟ್ಟಡಗಳ ಕಥೆ ಪೂರ್ತಿ ಇತ್ತು, ದಾನಿಗಳ ಕಥೆ ಪೂರ್ತಿ ಇತ್ತು, ಮಕ್ಕಳು ಇರಲಿಲ್ಲ. ಬಿಡಬೇಕು ಅಂದುಕೊಂಡೆ. ಆಗ ಸಿಕ್ಕಿದ್ದು ಬೆಲ್ಟ್ ತಾತನ ಪುಸ್ತಕಗಳು.

ಕೇಂದ್ರದ ಹಿಂದೆ ಒಂದು ವರ್ಕ್‌ಶಾಪು. ಅಲ್ಲಿ ಕ್ಯಾಲಿಪರ್ ಮಾಡುತ್ತಿದ್ದ ಮೇಸ್ತ್ರಿಯನ್ನು ಮಕ್ಕಳು ಕರೆಯುತ್ತಿದ್ದದ್ದು ಬೆಲ್ಟ್ ತಾತ ಅಂತ. ಅವರು ತೀರಿಕೊಂಡು ಎಷ್ಟೋ ವರ್ಷ. ಅವರ ಮಗ, "ಅಪ್ಪನ ಅಳತೆ ಪುಸ್ತಕ ಇದಾವೆ, ಅವೆಲ್ಲ ನಿಮಗೆ ಯಾಕಮ್ಮ, ಬರೀ ಇಂಚು" ಅಂದರು. ಹನ್ನೊಂದು ನೋಟ್‌ಬುಕ್ಕು, ಚರ್ಮದ ವಾಸನೆ ಇನ್ನೂ ಹೋಗಿರಲಿಲ್ಲ.

ಕ್ಯಾಲಿಪರ್ ನೋಡದವರಿಗೆ ಒಂದು ಮಾತು. ತೊಡೆಯಿಂದ ಬೂಟಿನವರೆಗೆ ಎರಡು ಬದಿ ಲೋಹದ ಪಟ್ಟಿ, ಅಡ್ಡಕ್ಕೆ ಚರ್ಮದ ಪಟ್ಟಿ, ಮೊಣಕಾಲಿನ ಹತ್ತಿರ ಕೀಲು. ನಿಂತಾಗ ಒಂದು ಉಂಗುರ ಜಾರಿ ಕೀಲಿನ ಮೇಲೆ ಕೂತು ಬೀಗವಾಗುತ್ತದೆ, ಕಾಲು ಮಡಚುವುದಿಲ್ಲ. ಕೂರಬೇಕಾದರೆ ಕೈಯಿಂದ ಉಂಗುರ ಮೇಲೆತ್ತಬೇಕು. ಮಗು ಬೆಳೆಯುತ್ತದೆ, ಕಬ್ಬಿಣ ಬೆಳೆಯುವುದಿಲ್ಲ. ಹಾಗಾಗಿ ಕೆಲವು ತಿಂಗಳಿಗೊಮ್ಮೆ ಅಳತೆ ತೆಗೆದು ಪಟ್ಟಿಯ ಮುಂದಿನ ತೂತಿಗೆ ಸ್ಕ್ರೂ ಹಾಕಿ ಉದ್ದ ಮಾಡಬೇಕು. ಪೋಲಿಯೊ ಬಡಿದ ಕಾಲು ಇನ್ನೊಂದರಷ್ಟು ಬೆಳೆಯದಿದ್ದರೆ ಬೂಟಿನ ಅಡಿ ದಪ್ಪ ಮಾಡಬೇಕು.

ಕಚೇರಿಯ ಕಾಗದದಲ್ಲಿ ಮಗು ಒಂದು ಕ್ರಮಸಂಖ್ಯೆ. ಮೇಸ್ತ್ರಿಗೆ ಸಂಖ್ಯೆಯಿಂದ ಏನೂ ಗೊತ್ತಾಗುತ್ತಿರಲಿಲ್ಲ, ಕಾಲಿನಿಂದ ಗೊತ್ತಾಗುತ್ತಿತ್ತು. ಹೀಗಾಗಿ ಅವರ ಪುಸ್ತಕದಲ್ಲಿ ಅಡ್ಡಹೆಸರುಗಳೆಲ್ಲ ಇವೆ. ಯಾವ ಕಾಲು, ಎಷ್ಟು ಉದ್ದ, ಎಲ್ಲಿ ಉಜ್ಜಿ ಗಾಯವಾಗಿದೆ, ಯಾರು ಬೀಗ ತೆಗೆದು ಓಡಲು ಹೋಗಿ ಕೀಲು ಮುರಿದರು. ಒಂದೊಂದು ಮಗು ಹೇಗೆ ಬೆಳೆಯಿತು ಅನ್ನುವುದು ವರ್ಷ ವರ್ಷ, ಇಂಚು ಇಂಚು. ಮುಖ್ಯವಾಗಿ, ಮಗು ಮನೆಗೆ ಹೊರಟಾಗ ಕೊನೆಯ ಅಳತೆಯ ಮುಂದೆ ‘ಊರಿಗೆ’ ಅಂತ ತಾರೀಕು ಸಮೇತ ಬರೆದಿದ್ದರು. ಏಕೆಂದರೆ ಊರಿಗೆ ಹೋದ ಕ್ಯಾಲಿಪರ್ ಉದ್ದ ಮಾಡುವವರು ಅಲ್ಲಿ ಯಾರೂ ಇರಲ್ಲ. ಮೊದಲೇ ಹೆಚ್ಚು ತೂತು ಕೊರೆದು ಕೊಡಬೇಕು.

ಬಿಡುಗಡೆ ಕಾಲಂ ಅಲ್ಲಿ ತುಂಬುತ್ತ ಬಂತು. ಎಲ್ಲರದ್ದೂ ಅಲ್ಲ, ಕ್ಯಾಲಿಪರ್ ಹಾಕಿದವರದ್ದು ಮಾತ್ರ. ನಡೆಯಲಾಗದ ಮಕ್ಕಳು ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ, ಅದನ್ನೂ ಪುಸ್ತಕದಲ್ಲಿ ಬರೆದಿದ್ದೇನೆ. ಚರಿತ್ರೆ ಬರೆಯುವವರು ಕಚೇರಿಯ ಬೀರುವಿನಲ್ಲೇ ನಿಲ್ಲಬೇಡಿ. ದೋಬಿ ಲೆಕ್ಕ, ಅಡುಗೆಮನೆಯ ತಲೆಲೆಕ್ಕ, ವಾಹನ ಚಾಲಕರ ಲಾಗ್ ಪುಸ್ತಕ, ರಾತ್ರಿ ಪಾಳಿಯ ಆಯಾಗಳ ಟಿಪ್ಪಣಿ, ಇವನ್ನು ಯಾರೂ ಯಾರಿಗೂ ತೋರಿಸಲೆಂದು ಬರೆದಿರುವುದಿಲ್ಲ.

ಏಳನೆಯ ನೋಟ್‌ಬುಕ್ಕಿನಲ್ಲಿ ಅಣ್ಣ ಇದ್ದ.

ಅಣ್ಣನ ವಿಷಯ ಇಷ್ಟು ಹೊತ್ತು ತಪ್ಪಿಸಿಕೊಂಡೇ ಬಂದೆ. ಅವನು ಐದು ತುಂಬಿದಾಗ ಅಲ್ಲಿಗೆ ಹೋದ. ರಿಜಿಸ್ಟರಿನಲ್ಲಿ ನಾಲ್ಕು ಅಂತಿದೆ, ಐದರ ಮೇಲಿನವರನ್ನು ಆ ವರ್ಷ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಅಪ್ಪ ಒಂದು ವರ್ಷ ಕಮ್ಮಿ ಹೇಳಿದ್ದರು. (ವಯಸ್ಸಿನ ಕಾಲಂ ನಂಬಬೇಡಿ. ಎಷ್ಟೋ ಮನೆಗಳಲ್ಲಿ ಇದನ್ನೇ ಮಾಡಿದ್ದಾರೆ.) ನನಗೆ ನೆನಪಿರುವುದು ತಿಂಗಳ ಮೊದಲ ಭಾನುವಾರಗಳು. ಹೊಸ ಬಟ್ಟೆ, ಬಸ್ಸು, ದೊಡ್ಡ ಅಂಗಳ, ಜೋಕಾಲಿ. ನನ್ನ ಪಾಲಿಗೆ ಅದು ಪ್ರವಾಸ. ಸಂದರ್ಶನ ಅಂತ ಅಣ್ಣನ ಮುಂದೆ ರೆಕಾರ್ಡರ್ ಇಟ್ಟಾಗ ಅವನು, "ಬೇರೆ ಯಾರನ್ನಾದರೂ ಕೇಳು ಪುಟ್ಟಿ" ಅಂದ. ಎರಡನೆಯ ಸಲವೂ ಅದೇ. ಮೂರನೆಯ ಸಲ ಎದ್ದು ಹೋದ. ಐವತ್ತು ದಾಟಿದ ಅಪರಿಚಿತರು ನನ್ನ ಮುಂದೆ ಗಂಟೆಗಟ್ಟಲೆ ಮಾತಾಡಿ ಅತ್ತಿದ್ದಾರೆ, ಸ್ವಂತ ಅಣ್ಣ ಬಾಯಿ ಬಿಡಲಿಲ್ಲ. ನನಗೆ ಅವಮಾನವಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಸಂದರ್ಶನದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಒಪ್ಪಿಗೆ ಪತ್ರಕ್ಕೆ ಮಾತಿಗೆ ಮೊದಲು ಒಂದು ಸಲ, ಬರಹಕ್ಕಿಳಿಸಿದ್ದನ್ನು ಓದಿ ಹೇಳಿದ ಮೇಲೆ ಇನ್ನೊಂದು ಸಲ ಸಹಿ ಹಾಕಿಸಿ. ಮೊದಲ ಸಹಿ ಹಾಕಿದವರಲ್ಲಿ ನಾಲ್ವರು ಎರಡನೆಯದನ್ನು ಹಾಕಲಿಲ್ಲ. ಅವರ ಮಾತು ಪುಸ್ತಕದಲ್ಲಿಲ್ಲ. ಕಣ್ಣಿನ ಎದುರು ಕೂತು ಪ್ರಶ್ನೆ ಕೇಳುವುದಕ್ಕಿಂತ ಒಂದು ಹಳೆಯ ಫೋಟೊ ನಡುವೆ ಇಟ್ಟುಬಿಡಿ. ಮಾತಿನ ತೊಂದರೆ ಇರುವ ಸೆರೆಬ್ರಲ್ ಪಾಲ್ಸಿಯವರನ್ನು ಮಾತಾಡಿಸುವಾಗ ಅವರ ಬದಲು ಪಕ್ಕದವರು ಉತ್ತರ ಕೊಡಲು ಬರುತ್ತಾರೆ, ಬಿಡಬೇಡಿ. ಒಬ್ಬರೊಂದಿಗೆ ಅಕ್ಷರದ ಹಲಗೆ ಹಿಡಿದು ಮೂರು ದಿನ ಕೂತೆ. ಇಡೀ ಪುಸ್ತಕದಲ್ಲಿ ನಗು ಬರುವ ಏಕೈಕ ಅಧ್ಯಾಯ ಅವರದ್ದು.

ಖರ್ಚು ಅಂದರೆ ಎಲ್ಲರೂ ಮುದ್ರಣದ ಲೆಕ್ಕ ಹಾಕುತ್ತಾರೆ. ನನ್ನ ಅನುಭವದಲ್ಲಿ ಕೈ ಕಚ್ಚಿದ್ದು ಎರಡು: ಪ್ರಯಾಣ ಮತ್ತು ಬರಹಕ್ಕಿಳಿಸುವುದು. ಒಂದು ಗಂಟೆಯ ಧ್ವನಿ ಬರೆದು ತೆಗೆಯಲು ನನಗೆ ಆರು ಗಂಟೆ ಬೇಕು. ನಲವತ್ತಕ್ಕೂ ಹೆಚ್ಚು ಗಂಟೆ ಧ್ವನಿ ಇತ್ತು, ಲೆಕ್ಕ ನೀವೇ ಹಾಕಿ. ಧ್ವನಿಯ ಪ್ರತಿ ಮೂರು ಕಡೆ ಇರಲಿ. ನನ್ನ ಲ್ಯಾಪ್‌ಟಾಪ್ ಕೈಕೊಟ್ಟ ದಿನ ಎರಡು ಸಂದರ್ಶನ ಹೋದವು, ಅದರಲ್ಲಿ ಒಬ್ಬರು ಈಗ ಇಲ್ಲ.

ಭಾನುವಾರದ ವಿಷಯಕ್ಕೆ ಬರುತ್ತೇನೆ. ಹಳೆಯ ನಡಾವಳಿಯಲ್ಲಿ ಒಂದು ಠರಾವಿದೆ: ತಂದೆ ತಾಯಿ ಬಂದು ಹೋದ ಮೇಲೆ ಮಕ್ಕಳು ಅಳುತ್ತಾರೆ, ಎರಡು ದಿನ ವ್ಯಾಯಾಮಕ್ಕೆ ಬರುವುದಿಲ್ಲ, ಆದ್ದರಿಂದ ಭೇಟಿ ತಿಂಗಳಿಗೊಮ್ಮೆ ಸಾಕು ಅನ್ನುವ ಅರ್ಥದ್ದು. ಓದಿ ಸಿಟ್ಟು ಬಂತು. ಆಮೇಲೆ ತಿಳಿಯಿತು, ಆಗ ಮಕ್ಕಳ ಆಸ್ಪತ್ರೆಗಳ ನಡವಳಿಕೆಯೂ ಹಾಗೇ ಇತ್ತು. ಅಳು ನಿಲ್ಲಿಸಿದ ಮಗು ಹೊಂದಿಕೊಂಡ ಮಗು ಅಂತ ತಿಳಿಯುತ್ತಿದ್ದರು. ಅದು ಹೊಂದಿಕೆಯಲ್ಲ, ಹತಾಶೆ ಅಂತ ತೋರಿಸಿದವರು ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್. 1952ರಲ್ಲಿ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳನ್ನು ದಿನವೂ ಚಿತ್ರೀಕರಿಸಿ ವೈದ್ಯರ ಮುಂದಿಟ್ಟರು. ಬಹಳ ವೈದ್ಯರು ಒಪ್ಪಲಿಲ್ಲ. 1959ರಲ್ಲಿ ಆಸ್ಪತ್ರೆ ಸೇರಿದ ಮಕ್ಕಳ ಕ್ಷೇಮದ ಬಗ್ಗೆ ಬಂದ ಬ್ರಿಟನ್ನಿನ ಪ್ಲಾಟ್ ವರದಿ, ತಂದೆ ತಾಯಿಗೆ ಭೇಟಿಯ ಅಡ್ಡಿ ಇರಬಾರದು ಅಂತ ಶಿಫಾರಸು ಮಾಡಿತು. ನಮ್ಮ ಕೇಂದ್ರದ ಠರಾವು ರದ್ದಾದದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಏಳನೆಯ ನೋಟ್‌ಬುಕ್ಕನ್ನು ಅಣ್ಣನ ಮನೆಗೆ ಒಯ್ದೆ. ರೆಕಾರ್ಡರ್ ಒಯ್ಯಲಿಲ್ಲ. ಅವನ ಪುಟ ತೆರೆದು ಮೇಜಿನ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದ. ಕೊನೆಯ ಸಾಲಿನಲ್ಲಿ ಬಲಗಾಲಿನ ಅಳತೆ, ‘ಊರಿಗೆ’, ತಾರೀಕು, ಪಕ್ಕದಲ್ಲಿ ‘4 ತೂತು ಜಾಸ್ತಿ’.

"ಬೇರೆಯವರಿಗೆಲ್ಲ ಎರಡು ಬಿಡ್ತಿದ್ರು," ಅಂದ.

ಆಮೇಲೆ ತಾನಾಗಿಯೇ ಹೇಳಿದ. ಅಪ್ಪ ಬಿಟ್ಟುಹೋಗುವಾಗ ‘ಕಾಲು ಸರಿಹೋದ ತಕ್ಷಣ ಕರಕೊಂಡು ಹೋಗ್ತೀನಿ’ ಅಂದಿದ್ದರಂತೆ. ಕಾಲು ಸರಿಹೋಗುವಂಥದ್ದಲ್ಲ ಅಂತ ಐದು ವರ್ಷದವನಿಗೆ ಹೇಳಿದವರಿಲ್ಲ. ಪ್ರತಿ ಸಲ ತಾತ ಟೇಪು ಹಿಡಿದಾಗ ಇವತ್ತು ಸರಿಹೋಗಿದೆ ಅಂತ ಹೇಳುತ್ತಾರೆ ಅಂತ ಕಾಯುತ್ತಿದ್ದನಂತೆ. ನಾವು ಬರುವ ಭಾನುವಾರ ಬೇಕೆಂದೇ ಕುಂಟದೆ ನಡೆಯಲು ನೋಡುತ್ತಿದ್ದನಂತೆ. ನನಗೆ ಆ ಜೋಕಾಲಿ ನೆನಪಾಯಿತು. ಅವನು ಎಂದೂ ಹತ್ತುತ್ತಿರಲಿಲ್ಲ, ನನ್ನನ್ನು ತಳ್ಳುತ್ತ ನಿಂತಿರುತ್ತಿದ್ದ. ನಿಂತೇ ಇರುತ್ತಿದ್ದ.

"ಇದನ್ನ ಹಾಕಬೇಡ. ತೂತಿನ ವಿಷಯ ಮಾತ್ರ ಬೇಕಾದರೆ ಹಾಕು," ಅಂದಿದ್ದ. ಪುಸ್ತಕದಲ್ಲಿ ತೂತಿನ ವಿಷಯ ಮಾತ್ರ ಇದೆ. ಇಲ್ಲಿ ಇಷ್ಟು ಬರೆಯಲು ಹೋದ ವಾರ ಕೇಳಿ ಒಪ್ಪಿಸಿದೆ.

ಹಸ್ತಪ್ರತಿ ಮಂಡಳಿಗೆ ಹೋದ ಮೇಲೆ ಮತ್ತೆ ಐದು ತಿಂಗಳು. ಕೊನೆಯ ಮಾತು ಯಾರದು ಅಂತ ಬರೆಸಿಕೊಂಡಿರದಿದ್ದ ಫಲ. ದಾನಿಗಳ ಪಟ್ಟಿ ಮೊದಲಿಗೆ ಬರಲಿ ಅಂದರು. ಒಪ್ಪಿದೆ, ಅದಕ್ಕೆಲ್ಲ ಜಗಳ ಯಾಕೆ. ಭೇಟಿ ಠರಾವಿನ ಅಧ್ಯಾಯ ಬೇಡ ಅಂದರು. ನಡಾವಳಿ ಪುಸ್ತಕದ ಚಿತ್ರ ಮುಂದಿಟ್ಟೆ, ಉಳಿಯಿತು. ಕೇಂದ್ರದಲ್ಲಿದ್ದಾಗಲೇ ತೀರಿಕೊಂಡ ಮಕ್ಕಳ ಪಟ್ಟಿಗೆ ಮಾತ್ರ ದೊಡ್ಡ ವಿರೋಧ. ಉತ್ಸವದ ಪುಸ್ತಕದಲ್ಲಿ ಸಾವು ಯಾಕೆ ಅಂತ. ಬಿಡುಗಡೆ ಕಾಲಂನಲ್ಲಿ ತಪ್ಪದೆ ತಾರೀಕು ಇದ್ದದ್ದು ಆ ಮಕ್ಕಳಿಗೆ ಮಾತ್ರ, ಅದನ್ನು ಹೇಗೆ ಬಿಡಲಿ? ಹೆಸರಿಲ್ಲದೆ, ಸಂಖ್ಯೆ ಮತ್ತು ಕಾರಣದ ಒಂದು ಪ್ಯಾರಾ ಆಗಿ ಉಳಿಯಿತು. ನನಗೆ ತೃಪ್ತಿಯಿಲ್ಲ.

ಕೊನೆಯ ಅಧ್ಯಾಯಕ್ಕೂ ಗಲಾಟೆ. 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ, ಎಲ್ಲರ ನಡುವೆ ಬದುಕುವುದು ಹಕ್ಕು ಅನ್ನುತ್ತದೆ. ಅದರ ಸಮಿತಿ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಇನ್ನೂ ನೇರ: ಮಕ್ಕಳನ್ನು ಸಂಸ್ಥೆಗಳಲ್ಲಿ ಇಡುವುದನ್ನೇ ನಿಲ್ಲಿಸಿ, ಕುಟುಂಬಕ್ಕೆ ಬೆಂಬಲ ಕೊಡಿ. ಇದನ್ನು ಬರೆದರೆ ಕೇಂದ್ರ ಮುಚ್ಚಿ ಅಂದಂತೆ ಆಗುವುದಿಲ್ಲವೇ ಅಂತ ಅಧ್ಯಕ್ಷರು ನಿಜಕ್ಕೂ ನೊಂದು ಕೇಳಿದರು. ಅವರ ತಾಯಿ ಅಲ್ಲಿ ಬಿಡಿಗಾಸಿಲ್ಲದೆ ಮೂವತ್ತು ವರ್ಷ ದುಡಿದವರು. ನಾನು ಹೇಳಿದ್ದು ಇಷ್ಟೇ: ಈಗಲೇ ವಸತಿಯಲ್ಲಿರುವ ಮಕ್ಕಳು ಬೆರಳೆಣಿಕೆ, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವವರೇ ಹೆಚ್ಚು, ಫಿಜಿಯೊಥೆರಪಿಯವರು ಮನೆಮನೆಗೆ ಹೋಗುತ್ತಿದ್ದಾರೆ, ನಡೆದದ್ದನ್ನೇ ಬರೆದಿದ್ದೇನೆ. ಹಾಗಂತ ಅಂದಿನ ಅಪ್ಪಂದಿರನ್ನು ತಪ್ಪಿತಸ್ಥರು ಅನ್ನಲು ನನ್ನಿಂದ ಆಗದು. ಹತ್ತಿರದಲ್ಲಿ ಶಾಲೆ ಸೇರಿಸಿಕೊಳ್ಳುತ್ತಿರಲಿಲ್ಲ, ಕ್ಯಾಲಿಪರ್ ಮಾಡುವವರಿರಲಿಲ್ಲ, ಮೆಟ್ಟಿಲಿಲ್ಲದ ಕಟ್ಟಡವಿರಲಿಲ್ಲ. ಅಧ್ಯಾಯ ಉಳಿಯಿತು, ತಲೆಬರಹ ಬದಲಾಯಿತು.

ಬಿಸ್ಕತ್ತಿನ ಡಬ್ಬಿಯ ಫೋಟೊಗಳಲ್ಲಿ ಅರ್ಧಕ್ಕೂ ಹೆಚ್ಚಿಗೆ ಇನ್ನೂ ಹೆಸರು ಸಿಕ್ಕಿಲ್ಲ. ಪ್ರತಿ ತೆಗೆಸಿ, ನಂಬರ್ ಹಾಕಿ ಮುಂಬಾಗಿಲ ಕೋಣೆಯ ಗೋಡೆಗೆ, ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿಗೆ ಸಿಗುವ ಎತ್ತರಕ್ಕೆ ಹಾಕಿಸಿದ್ದೇನೆ. ಕೆಳಗೆ ಒಂದು ನೋಟ್‌ಬುಕ್ಕು, ದಾರದಲ್ಲಿ ಕಟ್ಟಿದ ಪೆನ್ಸಿಲ್. ಹೋದ ವಾರ 23ನೇ ಫೋಟೊದ ಮುಂದೆ ಯಾರೋ ಒಂದು ಹೆಸರು ಬರೆದಿದ್ದಾರೆ, ಅದರ ಕೆಳಗೇ ಬೇರೆ ಕೈಬರಹದಲ್ಲಿ ‘ಅಲ್ಲ, ಇವಳು ಅವಳ ತಂಗಿ’ ಅಂತಿದೆ. ಇಬ್ಬರನ್ನೂ ಹುಡುಕಬೇಕು. ಪುಸ್ತಕ ಅಚ್ಚಿಗೆ ಹೋಗಿಯಾಗಿದೆ.